ಎಂಸಿಬಿ ಬಿದ್ದಿಲ್ಲ, ಆದರೆ ಪ್ಲಗ್ ಸುಡುತ್ತಿದೆ

ಪ್ರಶ್ನೆ: ಹಾಸನದಲ್ಲಿ ನಮ್ಮದು ಸ್ವಂತ ಮನೆ, ತಂದೆಯವರು 1994ರಲ್ಲಿ ಕಟ್ಟಿಸಿದ್ದು. ಆರು ತಿಂಗಳ ಹಿಂದೆ 24 ಯೂನಿಟ್ ಬ್ಯಾಟರಿಯ ಸಣ್ಣ ಎಲೆಕ್ಟ್ರಿಕ್ ಕಾರು ಕೊಂಡೆವು. ದಿನಕ್ಕೆ ಸುಮಾರು 35 ಕಿಲೋಮೀಟರ್ ಓಡಾಟ. ಬ್ಯಾಟರಿ ಶೇ 20ಕ್ಕೆ ಇಳಿದಾಗ, ಅಂದರೆ ಮೂರು ನಾಲ್ಕು ದಿನಕ್ಕೊಮ್ಮೆ, ಕಾರಿನ ಜೊತೆ ಬಂದ ಚಾರ್ಜರನ್ನು ವಾಷಿಂಗ್ ಮೆಷಿನ್‌ನ ಪವರ್ ಸಾಕೆಟ್‌ಗೆ ಹಾಕಿ ರಾತ್ರಿಯಿಡೀ ಬಿಡುತ್ತೇವೆ. ಬೆಳಿಗ್ಗೆ ನೋಡಿದರೆ ಪ್ಲಗ್ ಹಿಡಿಯಲಾರದಷ್ಟು ಬಿಸಿ. ಕಾರು ಮಾರಿದವರು ‘ಇದು ಸಹಜ’ ಎನ್ನುತ್ತಾರೆ. ಎಂಸಿಬಿ (ಕರೆಂಟು ಮಿತಿಮೀರಿದರೆ ತಾನಾಗಿ ಆಫ್ ಆಗುವ ಬೋರ್ಡಿನ ಸ್ವಿಚ್) ಒಮ್ಮೆಯೂ ಬಿದ್ದಿಲ್ಲ. ಹಾಗಾದರೆ ಅಪಾಯವಿಲ್ಲ ಎಂದೇ ಅರ್ಥವಲ್ಲವೇ? ಮೊದಲ ದಿನ ಚಾರ್ಜರ್‌ನ ಪೆಟ್ಟಿಗೆಯಲ್ಲಿ ಕೆಂಪು ದೀಪ ಬಂದು ಚಾರ್ಜ್ ಆಗಲಿಲ್ಲ, ನಮ್ಮ ಎಲೆಕ್ಟ್ರಿಷಿಯನ್ ಸಾಕೆಟ್ ಬಿಚ್ಚಿ ಐದೇ ನಿಮಿಷದಲ್ಲಿ ಸರಿ ಮಾಡಿಕೊಟ್ಟರು. ಇನ್ನೊಂದು ವಿಷಯ: ಹಬ್ಬಕ್ಕೆ ಹಳ್ಳಿಗೆ ಹೋದಾಗ ಎಕ್ಸ್‌ಟೆನ್ಷನ್ ಬಾಕ್ಸ್‌ನಿಂದ ಚಾರ್ಜ್ ಮಾಡಬಹುದೇ?

ಉತ್ತರ: ಇವತ್ತು ರಾತ್ರಿ ಆ ಸಾಕೆಟ್‌ಗೆ ಕಾರನ್ನು ಹಾಕಬೇಡಿ. ಉಳಿದದ್ದನ್ನು ನಿಧಾನವಾಗಿ ಹೇಳುತ್ತೇನೆ, ಆದರೆ ಈ ಒಂದು ಮಾತು ಮೊದಲು.

ನೀವು ಬಿಸಿಯ ಬಗ್ಗೆ ಕೇಳಿದ್ದೀರಿ. ನನಗೆ ಅದಕ್ಕಿಂತ ಹೆಚ್ಚು ಹೆದರಿಕೆಯಾದದ್ದು ಆ ಕೆಂಪು ದೀಪದ ಸಾಲನ್ನು ಓದಿದಾಗ. ಐದು ನಿಮಿಷದಲ್ಲಿ ಸರಿಯಾಗುವ ಕೆಂಪು ದೀಪ ಅದಲ್ಲ. ಹಳೆಯ ಮನೆಯಲ್ಲಿ ಈ ಪೆಟ್ಟಿಗೆ ಮೊದಲ ದಿನವೇ ಮುಷ್ಕರ ಹೂಡಿದರೆ, ಹತ್ತರಲ್ಲಿ ಒಂಬತ್ತು ಸಲ ಅದು ಹೇಳುತ್ತಿರುವುದು ಒಂದೇ: ಇಲ್ಲಿ ಅರ್ಥಿಂಗ್ ಇಲ್ಲ. ಅರ್ಥಿಂಗ್ ಇಲ್ಲದ ಕಡೆ ಐದು ನಿಮಿಷದಲ್ಲಿ ಅರ್ಥಿಂಗ್ ‘ಬರಿಸುವ’ ಉಪಾಯ ನಮ್ಮ ಕೆಲಸದವರಿಗೆ ಒಂದೇ ಗೊತ್ತಿರುವುದು. ಸಾಕೆಟ್‌ನ ಹಿಂದೆ, ನ್ಯೂಟ್ರಲ್ (ಕರೆಂಟು ಮರಳಿ ಹೋಗುವ ತಂತಿ) ಸ್ಕ್ರೂನಿಂದ ಅರ್ತ್ ಸ್ಕ್ರೂಗೆ ಎರಡು ಅಂಗುಲದ ವೈರಿನ ತುಂಡು. ಲೂಪ್ ಹಾಕುವುದು ಎನ್ನುತ್ತಾರೆ. ನಿಮ್ಮ ಸಾಕೆಟ್‌ನಲ್ಲಿ ಅದೇ ಇದೆಯೆಂದು ನಾನು ನೋಡದೆ ಪ್ರಮಾಣ ಮಾಡಲಾರೆ. ಆದರೆ ಮೂವತ್ತು ವರ್ಷ ವೈರಿಂಗ್ ಕೆಲಸದಲ್ಲಿ ಕಳೆದವನು ಪಣ ಕಟ್ಟುವುದಾದರೆ ಅದಕ್ಕೇ ಕಟ್ಟುತ್ತೇನೆ.

ಪೆಟ್ಟಿಗೆ ಇದಕ್ಕೆ ಮೋಸಹೋಗುತ್ತದೆ. ಅದು ಫೇಸ್‌ನಿಂದ (ಕರೆಂಟು ಬರುವ ತಂತಿಯಿಂದ) ಅರ್ತ್ ಪಿನ್‌ಗೆ ವೋಲ್ಟೇಜ್ ಸರಿಯಾಗಿ ಸಿಗುತ್ತಿದೆಯೇ, ನ್ಯೂಟ್ರಲ್‌ಗೂ ಅರ್ತ್‌ಗೂ ಹೆಚ್ಚು ವ್ಯತ್ಯಾಸವಿಲ್ಲವೇ ಎಂದು ನೋಡುತ್ತದೆ. ಲೂಪ್ ಹಾಕಿದ ಮೇಲೆ ಎರಡೂ ಸರಿಯಾಗಿಯೇ ಕಾಣುತ್ತವೆ. ಹಸಿರು ದೀಪ ಬರುತ್ತದೆ, ಎಲೆಕ್ಟ್ರಿಷಿಯನ್ ಕೈ ಒರೆಸಿಕೊಳ್ಳುತ್ತಾರೆ, ನೀವು ಕಾಫಿ ಕೊಡುತ್ತೀರಿ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ.

ಈಗ ಕಾರಿನ ಕಡೆಯಿಂದ ನೋಡಿ. ಚಾರ್ಜ್ ಆಗುತ್ತಿರುವಷ್ಟು ಹೊತ್ತು ಕಾರಿನ ಇಡೀ ಲೋಹದ ಮೈ ಆ ಅರ್ತ್ ಪಿನ್‌ಗೆ ಕಟ್ಟಿಕೊಂಡಿರುತ್ತದೆ. ಒಳಗೆ ಎಲ್ಲಾದರೂ ವಿದ್ಯುತ್ ಸೋರಿದರೆ ಅದು ಬಾಗಿಲಿನ ಹಿಡಿಕೆಯಲ್ಲಿ ಕಾದು ಕುಳಿತುಕೊಳ್ಳದೆ ಭೂಮಿಗೆ ಹರಿದುಹೋಗಲಿ ಎಂದು ಮಾಡಿದ ವ್ಯವಸ್ಥೆ ಅದು. ಕಾರು ನಿಂತಿರುವುದು ನಾಲ್ಕು ರಬ್ಬರ್ ಟೈರುಗಳ ಮೇಲೆ, ಆದ್ದರಿಂದ ಭೂಮಿಗೂ ಅದಕ್ಕೂ ಬೇರೆ ಸಂಬಂಧವಿಲ್ಲ. ಲೂಪ್ ಹಾಕಿದಾಗ ಕಾರಿನ ಮೈ ನ್ಯೂಟ್ರಲ್‌ಗೆ ಕಟ್ಟಿಕೊಂಡಂತಾಯಿತು. ನ್ಯೂಟ್ರಲ್ ಗಟ್ಟಿಯಾಗಿರುವಷ್ಟು ದಿನ ಏನೂ ಆಗುವುದಿಲ್ಲ. ಮಳೆಗಾಲದಲ್ಲಿ ಕಂಬದ ಹತ್ತಿರವೋ, ಮೀಟರ್ ಬೋರ್ಡಿನಲ್ಲೋ ನ್ಯೂಟ್ರಲ್ ತುಂಡಾಯಿತು ಎಂದಿಟ್ಟುಕೊಳ್ಳಿ. ಮನೆಯ ಫ್ರಿಜ್ಜು, ದೀಪಗಳ ಮೂಲಕ ಹಾದುಬಂದ ಫೇಸ್‌ಗೆ ಮರಳಿ ಹೋಗಲು ದಾರಿಯಿಲ್ಲದೆ, ಆ ಎರಡು ಅಂಗುಲದ ವೈರಿನಿಂದ ನೇರ ಕಾರಿನ ಮೈಗೆ ಬರುತ್ತದೆ. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಬಾಗಿಲು ಮುಟ್ಟಿದವರಿಗೆ 230 ವೋಲ್ಟ್. ಇನ್ನೂ ಸುಲಭದ ದಾರಿಯೊಂದಿದೆ: ಮೀಟರ್ ಬದಲಿಸುವಾಗ ಅಥವಾ ಯಾವುದೋ ರಿಪೇರಿಯಲ್ಲಿ ಫೇಸ್ ಮತ್ತು ನ್ಯೂಟ್ರಲ್ ಅದಲುಬದಲಾದರೆ ಸಾಕು. ಕಾಪಾಡಬೇಕಾದ ಅರ್ತ್ ವೈರೇ ಕಾರಿಗೆ ಕರೆಂಟು ತಂದುಕೊಡುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಈವರೆಗೆ ಸಿಕ್ಕಿಲ್ಲ.

ಆದ್ದರಿಂದ ಮೊದಲ ಕೆಲಸ: ಮೇನ್ ಆಫ್ ಮಾಡಿಸಿ, ಸಾಕೆಟ್ ಬಿಚ್ಚಿಸಿ, ನೀವೇ ನಿಂತು ನೋಡಿ. ನ್ಯೂಟ್ರಲ್‌ನಿಂದ ಅರ್ತ್‌ಗೆ ತುಂಡು ಇದ್ದರೆ ತೆಗೆಸಿ. ‘ಬಲ್ಬ್ ಹಚ್ಚಿ ತೋರಿಸುತ್ತೇನೆ, ಅರ್ತ್ ಚೆನ್ನಾಗಿದೆ’ ಎಂದು ಎಲೆಕ್ಟ್ರಿಷಿಯನ್ ಹೇಳಬಹುದು. ಫೇಸ್‌ಗೂ ಅರ್ತ್‌ಗೂ ನಡುವೆ 100 ವ್ಯಾಟ್ ಬಲ್ಬ್ ಹಿಡಿದು ತೋರಿಸುವ ಹಳೆಯ ಪರೀಕ್ಷೆ ಅದು. ಉರಿಯುವ ಆ ಬಲ್ಬಿನ ರೋಧವೇ ಸುಮಾರು 530 ಓಮ್. ಅರ್ತ್ 100 ಓಮ್‌ನಷ್ಟು ಕೆಟ್ಟಿದ್ದರೂ ಬಲ್ಬಿಗೆ 190 ವೋಲ್ಟ್ ಆಸುಪಾಸು ಸಿಕ್ಕಿ ಅದು ನಗುನಗುತ್ತಲೇ ಉರಿಯುತ್ತದೆ. ಲೂಪ್ ಇದ್ದರಂತೂ ಕೇಳುವುದೇ ಬೇಡ. ಅರ್ತನ್ನು ಅಳೆಯಲು ಅರ್ತ್ ಟೆಸ್ಟರ್ ಎಂಬ ಬೇರೆ ಉಪಕರಣವಿದೆ. ಅದನ್ನು ತರಬಲ್ಲ ಪರವಾನಗಿ ಪಡೆದ ಗುತ್ತಿಗೆದಾರರನ್ನು ಕರೆಯಿರಿ.

1994ರ ಮನೆಯೆಂದರೆ ಮೀಟರಿನ ಹತ್ತಿರ ಎಲ್ಲೋ ಇದ್ದಿಲು ಮತ್ತು ಉಪ್ಪು ಹಾಕಿದ ಒಂದು ಅರ್ತ್ ಗುಂಡಿ ಇದ್ದೇ ಇರುತ್ತದೆ, ಅದರ ಮೇಲೆ ಈಗ ಟೈಲ್ಸ್ ಬಿದ್ದಿರುತ್ತದೆ. ಮೂವತ್ತು ವರ್ಷದಲ್ಲಿ ಪೈಪು ತುಕ್ಕು ಹಿಡಿದು, ತಂತಿ ಕಳಚಿಕೊಂಡಿರುವುದೇ ಹೆಚ್ಚು. ಅದನ್ನು ಹುಡುಕುತ್ತಾ ಅಗೆಯುವುದಕ್ಕಿಂತ ಕಾರು ನಿಲ್ಲುವ ಜಾಗದ ಹತ್ತಿರ ಹೊಸದೊಂದನ್ನು ಹಾಕಿಸಿ, ಹಳೆಯದಕ್ಕೆ ಜೋಡಿಸಿಕೊಳ್ಳುವುದು ಸುಲಭ. ಪೈಪು ಕನಿಷ್ಠ ಎರಡೂವರೆ ಮೀಟರ್ ಒಳಗಿಳಿಯಲಿ. ಬೇಸಿಗೆಯಲ್ಲಿ ನೆಲ ಒಣಗಿದಾಗ ಅರ್ತ್ ಕೆಡುತ್ತದೆ, ಗುಂಡಿಗೆ ವಾರಕ್ಕೊಮ್ಮೆ ಎರಡು ಬಿಂದಿಗೆ ನೀರು ಹಾಕುತ್ತಿದ್ದ ಅಜ್ಜಂದಿರಿಗೆ ಈ ಶಾಸ್ತ್ರ ಗೊತ್ತಿತ್ತು.

ಇನ್ನು ಬಿಸಿಯ ವಿಷಯಕ್ಕೆ ಬರೋಣ.

ಪ್ಲಗ್ ಏಕೆ ಸುಡುತ್ತದೆ, ಎಂಸಿಬಿ ಏಕೆ ಸುಮ್ಮನಿರುತ್ತದೆ ಎನ್ನುವುದನ್ನು ಅರ್ಥಮಾಡಿಕೊಂಡರೆ ಮುಂದಿನ ಎಲ್ಲವೂ ತಾನಾಗಿ ಹೊಳೆಯುತ್ತದೆ. ಎಂಸಿಬಿ ನೋಡುವುದು ಎಷ್ಟು ಆಂಪಿಯರ್ ಹರಿಯುತ್ತಿದೆ ಎನ್ನುವುದನ್ನು ಮಾತ್ರ. 16 ಆಂಪಿಯರ್‌ನ ಎಂಸಿಬಿ 18 ಆಂಪಿಯರ್ ಹರಿದರೂ ಒಂದು ಗಂಟೆಯೊಳಗೆ ಬೀಳಕೂಡದು, 23 ಹರಿದರೆ ಒಂದು ಗಂಟೆಯೊಳಗೆ ಬೀಳಲೇಬೇಕು ಎನ್ನುವುದು ಅದನ್ನು ತಯಾರಿಸುವ ಮಾನದಂಡ. ನಿಮ್ಮ ಕಾರು ಎಳೆಯುವುದು ಹೆಚ್ಚೆಂದರೆ 13ರಿಂದ 15. ಎಂಸಿಬಿಯ ದೃಷ್ಟಿಯಲ್ಲಿ ನಿಮ್ಮ ಮನೆಯಲ್ಲಿ ಸೌಖ್ಯವೇ ಸೌಖ್ಯ. ಅದು ಕಾಯುವುದು ಗೋಡೆಯೊಳಗಿನ ವೈರನ್ನು, ಸಾಕೆಟ್ಟನ್ನಲ್ಲ. ಸಾಕೆಟ್ ಕರಗಿ ನೀರಾಗುತ್ತಿದ್ದರೂ, ಒಳಗೆ ತಂತಿಗೆ ತಂತಿ ತಾಗಿ ಶಾರ್ಟ್ ಆಗುವವರೆಗೆ ಅದಕ್ಕೆ ಸುದ್ದಿ ಮುಟ್ಟುವುದಿಲ್ಲ.

ಬಿಸಿ ಹುಟ್ಟುವುದು ಎರಡು ಲೋಹಗಳು ಒಂದನ್ನೊಂದು ಮುಟ್ಟುವ ಜಾಗದಲ್ಲಿ. ಪ್ಲಗ್ಗಿನ ಹಿತ್ತಾಳೆಯ ಪಿನ್ನನ್ನು ಸಾಕೆಟ್‌ನ ಒಳಗಿನ ಪಟ್ಟಿ ಸ್ಪ್ರಿಂಗಿನಂತೆ ಅಪ್ಪಿ ಹಿಡಿದಿರುತ್ತದೆ. ಹೊಸದರಲ್ಲಿ ಆ ಅಪ್ಪುಗೆ ಬಿಗಿ, ರೋಧ ಒಂದು ಓಮ್‌ನ ಸಾವಿರದ ಕೆಲವೇ ಪಾಲು. 5 ಸಾವಿರಾಂಶ ಓಮ್ ಎಂದಿಟ್ಟುಕೊಂಡರೆ, 13 ಆಂಪಿಯರ್‌ಗೆ ಅಲ್ಲಿ ಹುಟ್ಟುವ ಶಾಖ ಒಂದು ವ್ಯಾಟ್‌ಗಿಂತ ಕಡಿಮೆ. ವರ್ಷಗಟ್ಟಲೆ ಎಳೆದು ಚುಚ್ಚಿ ಪಟ್ಟಿ ಸಡಿಲಾಗಿ, ಮೇಲೆ ಕಿಲುಬು ಕೂತು, ರೋಧ 0.15 ಓಮ್‌ಗೆ ಏರಿತು ಎನ್ನಿ. ಸಂಖ್ಯೆ ಈಗಲೂ ಚಿಕ್ಕದೇ. ಆದರೆ 13ರ ವರ್ಗವನ್ನು ಅದರಿಂದ ಗುಣಿಸಿ: 25 ವ್ಯಾಟ್. ರೇಡಿಯೊ ರಿಪೇರಿಯವರು ಬೆಸುಗೆ ಹಾಕುವ ಸಣ್ಣ ಕಾವುಕಡ್ಡಿ ಇರುತ್ತದಲ್ಲ, ಸೀಸ ಕರಗಿಸುವುದು, ಅದೂ 25 ವ್ಯಾಟಿನದ್ದೇ. ಅಂಥದ್ದೊಂದನ್ನು ಉರಿಸಿ ನಿಮ್ಮ ಸ್ವಿಚ್ ಬೋರ್ಡಿನೊಳಗೆ ಇಟ್ಟು, ದೀಪ ಆರಿಸಿ ಮಲಗಿದಂತೆ. ಸಾಮಾನ್ಯ ಮನೆ ವೈರಿನ ಪಿವಿಸಿ ಹೊದಿಕೆ ಸದಾಕಾಲ ತಾಳುವುದು 70 ಡಿಗ್ರಿ ಸೆಲ್ಸಿಯಸ್‌ವರೆಗೆ ಮಾತ್ರ.

‘ಗೀಸರ್ ಕೂಡ ಅಷ್ಟೇ ಕರೆಂಟು ಎಳೆಯುತ್ತದಲ್ಲ, ಅದರ ಸಾಕೆಟ್ ಸುಡುವುದಿಲ್ಲವಲ್ಲ’ ಎಂದು ಎಲ್ಲರೂ ಕೇಳುತ್ತಾರೆ. ಗೀಸರ್ ಇಪ್ಪತ್ತು ನಿಮಿಷ ಓಡಿ ನಿಲ್ಲುತ್ತದೆ. ವಾಷಿಂಗ್ ಮೆಷಿನ್ ನೀರು ಕಾಯಿಸುವಾಗ ಸ್ವಲ್ಪ ಹೊತ್ತು ಜೋರಾಗಿ ಎಳೆದು ಸುಮ್ಮನಾಗುತ್ತದೆ. ಸಾಕೆಟ್‌ಗೆ ಆರಲು ಸಮಯ ಸಿಗುತ್ತದೆ. ಕಾರು ಹಾಗಲ್ಲ. ಶೇ 20ರಿಂದ 100ಕ್ಕೆ ನಿಮ್ಮ ಬ್ಯಾಟರಿಗೆ 19 ಯೂನಿಟ್‌ಗಿಂತ ಹೆಚ್ಚು ಬೇಕು, ದಾರಿಯಲ್ಲಿ ಸೋರುವುದನ್ನು ಸೇರಿಸಿದರೆ ಗೋಡೆಯಿಂದ ಸುಮಾರು 22. 13 ಆಂಪಿಯರ್ ಎಂದರೆ 3 ಕಿಲೋವ್ಯಾಟ್, ಏಳು ಗಂಟೆಗೂ ಮೀರಿ ಒಂದೇ ಸಮನೆ. ನಮ್ಮ ಮನೆಗಳ ಸಾಕೆಟ್‌ಗಳಿಗೆ ಇಂಥ ಅನುಭವ ಹಿಂದೆಂದೂ ಆಗಿಲ್ಲ. ಕಾರು ದೊಡ್ಡದು ಎಂದು ಸಾಕೆಟ್ ಸುಡುತ್ತಿಲ್ಲ, ಬಿಡುವು ಸಿಗದೆ ಸುಡುತ್ತಿದೆ.

ಇದನ್ನು ಪುಸ್ತಕ ಓದಿ ಹೇಳುತ್ತಿಲ್ಲ. ನನ್ನ ಮನೆಗೆ ಕಾರು ಬಂದ ಹೊಸತರಲ್ಲಿ, ಊರಿಗೆಲ್ಲ ಬುದ್ಧಿ ಹೇಳುವ ನಾನೇ, ಹದಿನೈದು ವರ್ಷ ಇಸ್ತ್ರಿಪೆಟ್ಟಿಗೆ ಚುಚ್ಚಿ ಎಳೆದಿದ್ದ ಸಾಕೆಟ್‌ಗೆ ‘ಎರಡು ದಿನಕ್ಕೆ ತಾನೇ’ ಎಂದು ಚಾರ್ಜರ್ ಹಾಕಿದೆ. ನಾಲ್ಕನೆಯ ರಾತ್ರಿ ನಡುಮನೆಯಲ್ಲಿ ಹಳಸಿದ ಮೀನಿನ ವಾಸನೆ. ನಮ್ಮದು ಮೀನು ಬೇಯಿಸುವ ಮನೆಯಲ್ಲ. ಹೆಂಡತಿ ಬೆಕ್ಕನ್ನು ಬೈಯುತ್ತಾ ಮಂಚದ ಕೆಳಗೆ ಹುಡುಕತೊಡಗಿದಾಗ ನನಗೆ ಹೊಳೆಯಿತು. ಸ್ವಿಚ್ಚು, ಸಾಕೆಟ್ಟುಗಳ ಕೆಲವು ಬಗೆಯ ಪ್ಲಾಸ್ಟಿಕ್ ಬೇಯುವಾಗ ಬರುವ ವಾಸನೆ ಅದು. ಹೋಗಿ ನೋಡಿದರೆ ಬಲಗಡೆಯ ರಂಧ್ರದ ಸುತ್ತ ಕಂದು ಉಂಗುರ. ಎಂಸಿಬಿ? ಬಿದ್ದಿರಲಿಲ್ಲ.

ಹಾಗಾಗಿ ನಿಮ್ಮ ಪ್ಲಗ್ಗಿನ ಪಿನ್‌ಗಳನ್ನು ಹಗಲು ಬೆಳಕಿನಲ್ಲಿ ನೋಡಿ. ಎಂಸಿಬಿ ಇಳಿಸಿದ ಮೇಲೆಯೇ ಎಳೆಯಿರಿ. ಒಂದು ಪಿನ್ ಮಾತ್ರ ಬಣ್ಣಗೆಟ್ಟಿದ್ದರೆ, ಬುಡದ ಪ್ಲಾಸ್ಟಿಕ್ ಉಬ್ಬಿದ್ದರೆ, ಸಾಕೆಟ್ ಬದಲಿಸಿದರಷ್ಟೇ ಸಾಲದು. ಸುಟ್ಟ ಪಿನ್ ಹೊಸ ಸಾಕೆಟ್ಟನ್ನೂ ತನ್ನ ದಾರಿಗೆ ಎಳೆದುಕೊಳ್ಳುತ್ತದೆ. ಮರಳು ಕಾಗದದಲ್ಲಿ ತಿಕ್ಕಿ ಹೊಳಪು ಬರಿಸುವುದು ಕೂಡದು, ಪ್ಲಗ್ ಕತ್ತರಿಸಿ ಅಂಗಡಿಯ ಪ್ಲಗ್ ಕಟ್ಟುವುದೂ ಕೂಡದು. ಕೆಲವು ಚಾರ್ಜರ್‌ಗಳ ಪ್ಲಗ್ಗಿನೊಳಗೆ ಬಿಸಿ ಅಳೆಯುವ ಸಂವೇದಕ ಇರುತ್ತದೆ, ಕತ್ತರಿಸಿದರೆ ಅದೂ ಹೋಯಿತು, ವಾರಂಟಿಯೂ ಹೋಯಿತು. ಕಾರು ಕೊಟ್ಟವರಲ್ಲಿಗೇ ಒಯ್ದು ಕೇಬಲ್ ಬದಲಿಸಿಕೊಡಿ ಎಂದು ಪಟ್ಟುಹಿಡಿಯಿರಿ. ‘ಸಹಜ’ ಎಂದವರು ಅವರೇ ತಾನೇ. ಬೆಚ್ಚಗಾಗುವುದು ಸಹಜ, ಒಪ್ಪುತ್ತೇನೆ. ಕೈ ಇಟ್ಟುಕೊಂಡಿರಲು ಆಗದಷ್ಟು ಸುಡುವುದು ಸಹಜವಲ್ಲ.

ಈಗ ಹೊಸ ವ್ಯವಸ್ಥೆ. ಕಾರಿಗೆಂದೇ ಪ್ರತ್ಯೇಕ ಲೈನ್ ಬೇಕು. ಮುಖ್ಯ ಬೋರ್ಡಿನಿಂದ ನೇರವಾಗಿ ಹೊರಟು, ನಡುವೆ ಯಾವ ಜಂಕ್ಷನ್ನೂ ಇಲ್ಲದೆ, ಬೇರೆ ಯಾವ ಸಾಕೆಟ್‌ಗೂ ಕವಲೊಡೆಯದೆ ಕಾರು ನಿಲ್ಲುವಲ್ಲಿಗೆ ಬಂದು ಮುಗಿಯುವ ಲೈನ್. ನಿಮ್ಮ ಮನೆಯ ಹಳೆಯ ವೈರಿಂಗ್ ಬಹುಶಃ ‘ಮೂರು ಇಪ್ಪತ್ತು’ ಇದ್ದೀತು. ಇಪ್ಪತ್ತನೇ ಗೇಜಿನ ಮೂರು ಎಳೆ, ಇಂದಿನ ಲೆಕ್ಕದಲ್ಲಿ ಸುಮಾರು 2 ಚದರ ಮಿಲಿಮೀಟರ್. ಅದು ಅಲ್ಯೂಮಿನಿಯಂ ಆಗಿದ್ದರಂತೂ ಸ್ಕ್ರೂ ಕೆಳಗೆ ವರ್ಷ ಕಳೆದಂತೆ ತಾನಾಗಿ ಸಡಿಲಾಗುತ್ತದೆ. ಅದನ್ನು ಮುಟ್ಟುವುದೇ ಬೇಡ. ಹೊಸ ಲೈನಿಗೆ 4 ಚದರ ಮಿಲಿಮೀಟರ್‌ನ ತಾಮ್ರದ ವೈರ್ ಎಳೆಸಿ, ಫೇಸ್, ನ್ಯೂಟ್ರಲ್ ಮತ್ತು ಹಸಿರು ಅರ್ತ್, ಮೂರೂ ಅಷ್ಟೇ ದಪ್ಪ. ಮುಂದೆಂದಾದರೂ ಗೋಡೆಗೆ ಕೂರಿಸುವ 7 ಕಿಲೋವ್ಯಾಟಿನ ಚಾರ್ಜರ್ ಹಾಕಿಸುವ ಆಸೆಯಿದ್ದರೆ ಈಗಲೇ 6 ಚದರ ಮಿಲಿಮೀಟರ್ ಎಳೆಸಿಬಿಡಿ. ಅದು 32 ಆಂಪಿಯರ್ ಕೇಳುತ್ತದೆ, ಗೋಡೆ ಎರಡು ಸಲ ಒಡೆಯುವ ಖರ್ಚು ವೈರಿನ ಬೆಲೆಗಿಂತ ಹೆಚ್ಚು.

ಬೋರ್ಡಿನಲ್ಲಿ ಈ ಲೈನಿಗೆ 20 ಆಂಪಿಯರ್ ಎಂಸಿಬಿ ಇರಲಿ. 16ರದ್ದು ಗಂಟೆಗಟ್ಟಲೆ 15ರ ಹತ್ತಿರ ಓಡಿ ಬೇಸಿಗೆಯಲ್ಲಿ ಸುಮ್ಮಸುಮ್ಮನೆ ಬೀಳಬಹುದು. ಹಾಗೆಂದು 32ರದ್ದನ್ನು ಹಾಕಲು ಬಿಡಬೇಡಿ. ಬೀಳುವ ಎಂಸಿಬಿಯ ಜಾಗಕ್ಕೆ ದೊಡ್ಡದನ್ನು ಹಾಕುವುದು ಜ್ವರ ಬಂದವನ ಕೈಯಿಂದ ಥರ್ಮಾಮೀಟರ್ ಕಸಿದುಕೊಂಡಂತೆ. ಅದರ ಜೊತೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ಸೋರಿದರೆ ಲೈನ್ ಕಡಿಯುವ ಸ್ವಿಚ್) ಕಡ್ಡಾಯ, ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಕಡಿಯುವಂಥದ್ದು. ಏಕೆಂದು ಒಂದು ಲೆಕ್ಕ ಹೇಳುತ್ತೇನೆ. ನಿಮ್ಮ ಹೊಸ ಅರ್ತ್ ಗುಂಡಿ ಚೆನ್ನಾಗಿಯೇ ಇದ್ದು 20 ಓಮ್ ತೋರಿಸಿತು ಎನ್ನಿ. ಫೇಸ್ ನೇರವಾಗಿ ಕಾರಿನ ಮೈಗೆ ತಾಗಿದರೂ ಭೂಮಿಗೆ ಹರಿಯುವುದು 230ನ್ನು 20ರಿಂದ ಭಾಗಿಸಿದಷ್ಟು, ಹನ್ನೊಂದೂವರೆ ಆಂಪಿಯರ್. ಎಂಸಿಬಿಗೆ ಅದು ಇನ್ನೊಂದು ಗೀಸರ್‌ನಂತೆ ಕಾಣುತ್ತದೆ, ಬೀಳುವುದಿಲ್ಲ. ಹೋದದ್ದಕ್ಕೂ ಬಂದದ್ದಕ್ಕೂ 30 ಮಿಲಿಆಂಪಿಯರ್ ವ್ಯತ್ಯಾಸ ಬಂದರೆ ಸಾಕು, ಕಣ್ಣು ಮಿಟುಕಿಸುವುದರೊಳಗೆ ಬೀಳುವುದು ಆರ್‌ಸಿಸಿಬಿ. ಅಂಗಡಿಯಲ್ಲಿ ಕೇಳುವಾಗ ‘ಎ ಟೈಪ್’ ಎಂದು ಕೇಳಿ. ಸಾಮಾನ್ಯವಾಗಿ ಕೈಗೆ ಸಿಗುವುದು ‘ಎಸಿ ಟೈಪ್’. ಕಾರಿನ ಚಾರ್ಜಿಂಗ್ ವ್ಯವಸ್ಥೆಯಿಂದ ನೇರ ವಿದ್ಯುತ್ ಸೋರಿದರೆ ಆ ಬಗೆಯದ್ದು ಮಂಕಾಗಿ ನಿಜವಾದ ಸೋರಿಕೆಯನ್ನೂ ಗುರುತಿಸದೆ ಹೋಗಬಹುದು.

ಸಾಕೆಟ್ ಹೊಸದು, 16 ಆಂಪಿಯರ್‌ನದ್ದು, ಐಎಸ್‌ಐ ಗುರುತಿನದ್ದು. ಹಳಬರು ಹದಿನೈದು ಆಂಪಿಯರ್ ಎನ್ನುವುದೂ ಇದನ್ನೇ. ಹತ್ತು ಲಕ್ಷದ ಕಾರು ಕೊಂಡು ಅಂಗಡಿಯಲ್ಲಿ ಅತಿ ಅಗ್ಗದ ಸಾಕೆಟ್ ಹುಡುಕುವವರನ್ನು ಕಂಡಿದ್ದೇನೆ, ನೀವು ಹಾಗೆ ಮಾಡಲಾರಿರಿ. ವೈರಿನ ತುದಿಯ ಎಳೆಗಳನ್ನು ‘ರಂಧ್ರಕ್ಕೆ ಹಿಡಿಸುತ್ತಿಲ್ಲ’ ಎಂದು ಅರ್ಧ ಕತ್ತರಿಸಿ ತುರುಕುವ ಅಭ್ಯಾಸ ಕೆಲವರಿಗಿದೆ. ಅಲ್ಲಿಯೇ ಮುಂದಿನ ಕಾವುಕಡ್ಡಿ ಹುಟ್ಟುವುದು. ಎದುರಿಗೆ ನಿಂತು ನೋಡಿ. ಒಂದು ತಿಂಗಳ ನಂತರ ಮೇನ್ ಆಫ್ ಮಾಡಿಸಿ ಸ್ಕ್ರೂಗಳನ್ನು ಇನ್ನೊಮ್ಮೆ ಬಿಗಿ ಮಾಡಿಸಿ, ಬಿಸಿಯಾಗಿ ಆರಿ ಲೋಹ ಸ್ವಲ್ಪ ಸಡಿಲಗೊಂಡಿರುತ್ತದೆ. ಮನೆಯಲ್ಲಿ ಯುಪಿಎಸ್ ಇದ್ದರೆ ಈ ಲೈನ್ ಅದರ ಕಡೆಗೆ ಸುಳಿಯಕೂಡದು ಎಂದು ಬಾಯಿಬಿಟ್ಟು ಹೇಳಿ. ಇಲ್ಲದಿದ್ದರೆ ಕರೆಂಟು ಹೋದ ರಾತ್ರಿ ಯುಪಿಎಸ್‌ನ ಬ್ಯಾಟರಿ ಕಾರಿನ ಬ್ಯಾಟರಿಗೆ ಊಟ ಬಡಿಸಲು ಹೋಗಿ ಸೋತು ಕೂರುತ್ತದೆ.

ಸಾಕೆಟ್ ನೆಲದಿಂದ ಕನಿಷ್ಠ 800 ಮಿಲಿಮೀಟರ್ ಮೇಲಿರಲಿ. ಚಾರ್ಜಿಂಗ್ ತಾಣಗಳಿಗೆ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮ ಹೇಳುವ ಎತ್ತರ ಅದು, ಮನೆಗೂ ಒಳ್ಳೆಯದೇ. ಪಕ್ಕದಲ್ಲೊಂದು ಗಟ್ಟಿ ಕೊಕ್ಕೆ ಹೊಡೆಸಿ. ಇದು ಕ್ಷುಲ್ಲಕವೆನಿಸಬಹುದು, ಆದರೆ ನಾನು ನೋಡಿದ ಸುಟ್ಟ ಸಾಕೆಟ್‌ಗಳಲ್ಲಿ ಎಷ್ಟೋ ಕಡೆ ಕಾರಣ ಇದೇ: ಚಾರ್ಜರ್‌ನ ಭಾರದ ಪೆಟ್ಟಿಗೆ ಪ್ಲಗ್ಗಿನಿಂದಲೇ ಜೋತಾಡುತ್ತಿರುತ್ತದೆ. ಆ ಭಾರ ರಾತ್ರಿಯಿಡೀ ಪ್ಲಗ್ಗನ್ನು ಕೆಳಗೆ ಜಗ್ಗುತ್ತದೆ, ಪಿನ್‌ಗಳು ಓರೆಯಾಗುತ್ತವೆ, ಅಪ್ಪುಗೆ ಸಡಿಲಾಗುತ್ತದೆ. ಪೆಟ್ಟಿಗೆಯನ್ನು ಕೊಕ್ಕೆಗೆ ತೂಗುಹಾಕಿದರೆ ಪ್ಲಗ್ ನೇರವಾಗಿ ನಿಲ್ಲುತ್ತದೆ.

ಅಂದಹಾಗೆ, ನಾವೆಲ್ಲ ಚಾರ್ಜರ್ ಎಂದು ಕರೆಯುವ ಆ ಪೆಟ್ಟಿಗೆ ಚಾರ್ಜರೇ ಅಲ್ಲ. ನಿಜವಾದ ಚಾರ್ಜರ್ ಕಾರಿನೊಳಗಿದೆ. ಪೆಟ್ಟಿಗೆ ಬಾಗಿಲು ಕಾಯುವವನು ಮಾತ್ರ. ಕಾರಿಗೆ ಚುಚ್ಚುವ ತುದಿಯ, ಅಂದರೆ ಗನ್ನಿನ, ಒಂದು ಸಣ್ಣ ತಂತಿಯ ಮೂಲಕ ಅದು ಕಾರಿಗೆ ‘ಇಷ್ಟು ಆಂಪಿಯರ್‌ಗಿಂತ ಹೆಚ್ಚು ಎಳೆಯಬೇಡ’ ಎಂದು ಸಂಕೇತ ಕಳಿಸುತ್ತದೆ, ಕಾರು ‘ಸಿದ್ಧ’ ಎಂದ ಮೇಲೆಯೇ ಒಳಗಿನ ರಿಲೇ ಎಂಬ ಸ್ವಿಚ್ ಕೂಡಿಸಿ ಕರೆಂಟು ಬಿಡುತ್ತದೆ. ಇದನ್ನು ಹೇಳಿದ್ದು ಪಾಂಡಿತ್ಯಕ್ಕಲ್ಲ. ಎಷ್ಟು ಆಂಪಿಯರ್ ಎಂಬುದು ಮಾತುಕತೆಯಿಂದ ನಿರ್ಧಾರವಾಗುವುದಾದ್ದರಿಂದ, ಅನೇಕ ಕಾರು ಅಥವಾ ಪೆಟ್ಟಿಗೆಗಳಲ್ಲಿ ಅದನ್ನು ಇಳಿಸಲು ಅವಕಾಶವಿದೆ. 6, 8, 10 ಎಂದು ಆಯ್ಕೆಗಳಿರುತ್ತವೆ. ನಿಮ್ಮದರಲ್ಲಿ ಇದೆಯೇ ಎಂದು ಕೈಪಿಡಿಯಲ್ಲಿ ನೋಡಿ.

ಇದ್ದರೆ ಇಳಿಸಿ. ನೀವು ದಿನಕ್ಕೆ ಓಡಿಸುವುದು 35 ಕಿಲೋಮೀಟರ್. ಯೂನಿಟ್‌ಗೆ 7 ಕಿಲೋಮೀಟರ್ ಎಂದರೆ 5 ಯೂನಿಟ್, ಸೋರಿಕೆ ಸೇರಿ ಐದೂಮುಕ್ಕಾಲು. 10 ಆಂಪಿಯರ್‌ನಲ್ಲಿ ಎರಡೂವರೆ ಗಂಟೆ, 6 ಆಂಪಿಯರ್‌ನಲ್ಲಿಯೂ ನಾಲ್ಕು ಗಂಟೆ ಸ್ವಲ್ಪ ಹೆಚ್ಚು. ಮೂರು ದಿನ ಹಸಿವಿನಲ್ಲಿಟ್ಟು ನಾಲ್ಕನೆಯ ದಿನ ಗಂಟಲವರೆಗೆ ಉಣಿಸುವ ಬದಲು ದಿನಾ ರಾತ್ರಿ ಸ್ವಲ್ಪ ಸ್ವಲ್ಪ ಕೊಡಿ. ಶಾಖ ಆಂಪಿಯರ್‌ನ ವರ್ಗಕ್ಕೆ ತಕ್ಕಂತೆ ಏರುತ್ತದೆ ಎಂದೆನಲ್ಲ, ಅದೇ ಲೆಕ್ಕ ಇಳಿಯುವಾಗಲೂ ನಿಮ್ಮ ಕಡೆಗಿದೆ. 15ರಿಂದ 10ಕ್ಕೆ ಇಳಿಸಿದರೆ ಆಂಪಿಯರ್ ಕಡಿಮೆಯಾಗುವುದು ಮೂರನೆಯ ಒಂದು ಪಾಲು, ಪ್ಲಗ್ಗಿನ ಶಾಖ ಕಡಿಮೆಯಾಗುವುದು ಅರ್ಧಕ್ಕಿಂತ ಹೆಚ್ಚು. ಪ್ಲಗ್ಗನ್ನು ದಿನಾ ಎಳೆದು ಚುಚ್ಚಬೇಕಾಗಿಲ್ಲ, ಅದು ಗೋಡೆಯಲ್ಲೇ ಇರಲಿ, ಗನ್ ಮಾತ್ರ ಹಾಕಿ ತೆಗೆಯಿರಿ. ಹಾಕುವಾಗ ಮೊದಲು ಗೋಡೆಯ ಸ್ವಿಚ್, ಹಸಿರು ದೀಪ ಬಂದ ಮೇಲೆ ಗನ್. ತೆಗೆಯುವಾಗ ಮೊದಲು ಕಾರಿನಲ್ಲಿ ಚಾರ್ಜ್ ನಿಲ್ಲಿಸಿ ಗನ್, ಆಮೇಲೆ ಗೋಡೆ. ಕರೆಂಟು ಹರಿಯುತ್ತಿರುವಾಗ ಪ್ಲಗ್ ಕಿತ್ತರೆ ಒಳಗೆ ಕಿಡಿ ಹಾರಿ ಪಿನ್ನಿನ ಮೈ ತೂತಾಗುತ್ತದೆ.

ಹೊಸ ಲೈನ್ ಆದ ಮೊದಲ ವಾರ, ಚಾರ್ಜ್ ಶುರುವಾಗಿ ಅರ್ಧ ಗಂಟೆಯಾದಾಗ ಒಮ್ಮೆ, ಒಂದೂವರೆ ಗಂಟೆಯಾದಾಗ ಇನ್ನೊಮ್ಮೆ, ಒಣಗಿದ ಅಂಗೈಯ ಹಿಂಭಾಗವನ್ನು ಪ್ಲಗ್‌ಗೆ ತಾಗಿಸಿ ನೋಡಿ. ಬೋರ್ಡಿನಲ್ಲಿರುವ ಎಂಸಿಬಿಯನ್ನೂ ಮುಟ್ಟಿ ನೋಡಿ, ಅದರ ಸ್ಕ್ರೂ ಸಡಿಲವಿದ್ದರೆ ಅಲ್ಲಿಯೂ ಇದೇ ಕಥೆ. ಮಳೆಗೆ ಹೆದರಬೇಡಿ, ಗನ್ನನ್ನೂ ಕಾರಿನ ಕಿಂಡಿಯನ್ನೂ ಮಳೆ ತಾಳುವಂತೆಯೇ ಮಾಡಿರುತ್ತಾರೆ. ಹೆದರಬೇಕಾದದ್ದು ಗೋಡೆಯ ಸಾಕೆಟ್‌ಗೆ ನೀರು ಬಡಿಯುವುದಕ್ಕೆ, ಪೆಟ್ಟಿಗೆ ನೀರಿನಲ್ಲಿ ಬಿದ್ದಿರುವುದಕ್ಕೆ. ಮುಂಗಾರಿಗೆ ಮುಂಚಿನ ಗುಡುಗು ಸಿಡಿಲಿನ ಸಂಜೆಗಳಲ್ಲಿ ಮಾತ್ರ ಚಾರ್ಜಿಂಗ್ ಬೇಡ. ಮೋಡ ಕವಿಯುವ ಮೊದಲೇ ಗನ್ ತೆಗೆದು ಪ್ಲಗ್ಗನ್ನೂ ಕಿತ್ತಿಡಿ.

ಕಾಗದದ ಕೆಲಸವೂ ಸ್ವಲ್ಪ ಇದೆ. ಹಳೆಯ ಮನೆಗಳಿಗೆ ಮಂಜೂರಾದ ಲೋಡು ಒಂದೋ ಎರಡೋ ಕಿಲೋವ್ಯಾಟ್ ಇರುತ್ತದೆ, ಬಿಲ್ಲಿನಲ್ಲೇ ಬರೆದಿರುತ್ತದೆ. 3 ಕಿಲೋವ್ಯಾಟಿನ ಕಾರು ಸೇರಿದ ಮೇಲೆ ಅದು ಸಾಲದು. ಹಾಸನ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ವ್ಯಾಪ್ತಿಗೆ ಬರುತ್ತದೆ, ಅಲ್ಲಿ ಹೆಚ್ಚುವರಿ ಲೋಡಿಗೆ ಅರ್ಜಿ ಹಾಕಿ. ಗೃಹಜ್ಯೋತಿ ಯೋಜನೆಯಲ್ಲಿ ಇದ್ದೀರಾದರೆ ಇನ್ನೊಂದು ಎಚ್ಚರ: ತಿಂಗಳಿಗೆ ಸಾವಿರ ಕಿಲೋಮೀಟರ್ ಓಡುವ ನಿಮ್ಮ ಕಾರು ಗೋಡೆಯಿಂದ 160 ಯೂನಿಟ್ ಆಸುಪಾಸು ಕುಡಿಯುತ್ತದೆ. ಮನೆಯ ಬಳಕೆ ಸೇರಿ 200 ದಾಟಿತೆಂದರೆ ಆ ತಿಂಗಳ ಪೂರ್ತಿ ಬಿಲ್ಲು ನಿಮ್ಮದೇ. ಕಾರಿನ ಚಾರ್ಜಿಂಗ್‌ಗೆಂದೇ ಬೇರೆ ದರವರ್ಗ ಇದೆ, ಅದಕ್ಕೆ ಬೇರೆ ಮೀಟರ್ ಬೇಕು. ಮನೆಯ ಬಳಕೆ ಎಷ್ಟಿದೆ ಎಂದು ನೋಡಿಕೊಂಡು ಲೆಕ್ಕ ಹಾಕಿ.

ಕೊನೆಗೆ ಹಳ್ಳಿ ಮತ್ತು ಎಕ್ಸ್‌ಟೆನ್ಷನ್ ಬಾಕ್ಸ್. ಬೇಡ. ಪ್ರಾಧಿಕಾರದ ಅದೇ ನಿಯಮಗಳು ಚಾರ್ಜಿಂಗ್ ಕೇಬಲ್‌ಗೆ ಎಕ್ಸ್‌ಟೆನ್ಷನ್ ಸೇರಿಸುವುದನ್ನು ನಿಷೇಧಿಸುತ್ತವೆ, ಅದಕ್ಕೆ ಕಾರಣವಿದೆ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಬಾಕ್ಸಿನ ವೈರ್ 0.75 ಚದರ ಮಿಲಿಮೀಟರ್ ಇದ್ದರೆ, ಹತ್ತು ಮೀಟರ್ ಉದ್ದಕ್ಕೆ 13 ಆಂಪಿಯರ್ ಹರಿದಾಗ ಆ ವೈರೊಂದರಲ್ಲೇ ಸುಮಾರು 88 ವ್ಯಾಟ್ ಶಾಖ. ಉದ್ದಕ್ಕೆ ಚಾಚಿದ್ದರೆ ಗಾಳಿಗೆ ಹೋದೀತು, ಚಕ್ರಕ್ಕೆ ಸುತ್ತಿಟ್ಟಿದ್ದರೆ ಒಳಗಿನ ಸುತ್ತುಗಳು ಬೆಂದು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಮೇಲಾಗಿ ಪಿನ್ನು ಮತ್ತು ಪಟ್ಟಿಯ ಇನ್ನೊಂದು ಜೋಡಿ ಹೆಚ್ಚಾಗುತ್ತದೆ. 6 ಆಂಪಿಯರ್ ಸಾಕೆಟ್‌ಗೆ ದೊಡ್ಡ ಪ್ಲಗ್ ಹಾಕುವ ಆ ಬಿಳಿ ಕನ್ವರ್ಟರ್ ಡಬ್ಬಿಯನ್ನು ಕಾರಿನ ಡಿಕ್ಕಿಯಲ್ಲಿ ಇಟ್ಟಿದ್ದರೆ ಇವತ್ತೇ ತೆಗೆದುಹಾಕಿ.

ಹಳ್ಳಿಗೆ ಹೋಗುವ ಮುನ್ನ ದಾರಿಯ ಫಾಸ್ಟ್ ಚಾರ್ಜರ್‌ನಲ್ಲಿ ತುಂಬಿಸಿಕೊಳ್ಳಿ. ಅಲ್ಲಿ ಗೀಸರ್‌ಗೋ ಗ್ರೈಂಡರ್‌ಗೋ ಹಾಕಿಸಿದ ಒಳ್ಳೆಯ ಪವರ್ ಸಾಕೆಟ್ ಇದ್ದು, ಕಾರಿನ ಕೇಬಲ್ ನೇರ ಮುಟ್ಟುವಂತಿದ್ದರೆ, 6 ಆಂಪಿಯರ್‌ಗೆ ಇಳಿಸಿ, ಎಚ್ಚರವಾಗಿರುವ ಹೊತ್ತಿನಲ್ಲಿ ಹಾಕಿ. ಮುಟ್ಟದಿದ್ದರೆ ಕಾರನ್ನು ತಿರುಗಿಸಿ ಹಿಮ್ಮುಖವಾಗಿ ನಿಲ್ಲಿಸಿ ನೋಡಿ. ಕಿಂಡಿ ಯಾವ ಕಡೆಗಿದೆ ಎನ್ನುವುದನ್ನು ಮರೆತು ಎಕ್ಸ್‌ಟೆನ್ಷನ್ ಹುಡುಕುವವರೇ ಹೆಚ್ಚು. ಪಂಪ್‌ಸೆಟ್‌ಗಳು ಓಡುವ ಹೊತ್ತಿನಲ್ಲಿ ವೋಲ್ಟೇಜ್ ಬಿದ್ದು ಪೆಟ್ಟಿಗೆ ನಿಂತರೆ ಕಾಯಿರಿ, ಮತ್ತೆ ತಾನೇ ಶುರುವಾಗುತ್ತದೆ. ಕೆಂಪು ದೀಪ ಬಂದು ಅರ್ತ್ ಇಲ್ಲವೆಂದು ತೋರಿಸಿದರೆ ಮಾತ್ರ ಗನ್ ಸುತ್ತಿ ಡಿಕ್ಕಿಯಲ್ಲಿಡಿ, ಮತ್ತು ಪಕ್ಕದ ಮನೆಯ ಹುಡುಗ ಸ್ಕ್ರೂಡ್ರೈವರ್ ಹಿಡಿದುಕೊಂಡು ‘ಐದೇ ನಿಮಿಷ, ಮಾವ’ ಎಂದು ಬಂದರೆ ಅವನಿಗೆ ಹೋಳಿಗೆ ಕೊಟ್ಟು ಕೂರಿಸಿ.